ಒತ್ತಡ ಆರು ಇರತಕ್ಕದ್ದು

ಅಕ್‌ಜಾರ್ ಪಟ್ಟಣದ ಮನೆಗಳನ್ನು ಬೆಚ್ಚಗಿಡುವ ಬಿಸಿನೀರಿನ ಕೊಳವೆಗಳಲ್ಲಿ ಒತ್ತಡವು ಆರು ಇರತಕ್ಕದ್ದು ಎಂಬುದು ನಮ್ಮ ಶಾಖ ಸರಬರಾಜು ಕಚೇರಿಯ ನಿಯಮಾವಳಿಯ ಹದಿನೇಳನೆಯ ಕಲಮು. ಆರು ಏನು ಎಂಬುದನ್ನು ಕಲಮು ಹೇಳುವುದಿಲ್ಲ. ಹಿಂದೆ ನಮೂನೆಯಲ್ಲಿ ‘ಏಕಮಾನ’ ಎಂಬ ಅಂಕಣವಿತ್ತು. ಕಾಗದ ಉಳಿತಾಯದ ವರ್ಷದಲ್ಲಿ ಅದನ್ನು ತೆಗೆದು, ಆ ಜಾಗದಲ್ಲಿ ನಿರ್ದೇಶಕರ ಎರಡನೆಯ ಸಹಿಗೆ ಅವಕಾಶ ಮಾಡಿಕೊಡಲಾಯಿತು.

ಇದರಿಂದ ಬಹುಕಾಲ ಯಾರಿಗೂ ತೊಂದರೆಯಾಗಲಿಲ್ಲ. ಬಾಯ್ಲರ್ ನೋಡಿಕೊಳ್ಳುವ ಬುರುಲ್ಚಾ ಎಜೆ, ಅಂದರೆ ಊರಿಗೆಲ್ಲ ಬುರುಲ್ಚಾ ಅಕ್ಕ, ಮುಳ್ಳು ಆರಕ್ಕೆ ಬಂದಾಗ ಆರು ಎಂದು ಬರೆದು ಚಹಾ ಕುಡಿಯುತ್ತಿದ್ದರು. ಈ ಚಳಿಗಾಲದ ಆರಂಭದಲ್ಲಿ ಹಳೆಯ ಮಾಪಕ ಕೆಟ್ಟು ಹೊಸದು ಬಂತು. ಹಳೆಯದು ಅಟ್ಮಾಸ್ಫಿಯರ್ ಲೆಕ್ಕದ್ದು, ಹೊಸದು ಮೆಗಾಪಾಸ್ಕಲ್ ಲೆಕ್ಕದ್ದು. ಅದೇ ನೀರು, ಅದೇ ಕೊಳವೆ, ಅದೇ ಒತ್ತಡಕ್ಕೆ ಮುಳ್ಳು 0.6 ತೋರಿಸಿತು. ಬುರುಲ್ಚಾ ಕಂಡದ್ದನ್ನು ಬರೆದರು. ಅವರ ತಪ್ಪು ಇಷ್ಟೇ.

ಮರುವಾರ ತಪಾಸಣಾಧಿಕಾರಿ ಎಸೆಂಗುಲ್ ಬಂದರು.

“ಎಜೆ, ಮಿಕ್ಕ ಐದು ಪಾಯಿಂಟ್ ನಾಲ್ಕು ಎಲ್ಲಿ ಹೋಯ್ತು?”

“ಎಲ್ಲೂ ಹೋಗಿಲ್ಲ ತಮ್ಮಾ. ಇದು ಬೇರೆ ಅಳತೆ. ಒಂದು ಮೆಗಾಪಾಸ್ಕಲ್ ಅಂದ್ರೆ ಹತ್ರಹತ್ರ ಹತ್ತು ಅಟ್ಮಾಸ್ಫಿಯರ್.”

“ನನ್ನ ನಮೂನೇಲಿ ಆ ಮಾತಿಗೆ ಜಾಗ ಇಲ್ಲ. ನಾಳೆಯೊಳಗೆ ಆರು ಮಾಡಿ.”

“ಈ ಮೀಟರಲ್ಲಿ ಆರು ಮಾಡೋಕೆ ಹೋದ್ರೆ ಕೊಳವೆ ಸಿಡಿಯುತ್ತೆ. ಪಕ್ಕದಲ್ಲೇ ಶಿಶುವಿಹಾರ ಇದೆ.”

“ಸಿಡಿದ್ರೆ ಅದಕ್ಕೆ ಬೇರೆ ನಮೂನೆ ಇದೆ.”

ಬುರುಲ್ಚಾ ಒತ್ತಡ ಏರಿಸುವ ಪಂಪಿಗೆ ಅಡ್ಡ ನಿಂತರು. ಇಪ್ಪತ್ತಾರು ವರ್ಷದ ಕೆಲಸ ಹೋದರೂ ಸರಿ, ಮುಟ್ಟಲು ಬಿಡುವುದಿಲ್ಲ ಎಂದರು. ಅವರು ಅಡ್ಡ ನಿಂತದ್ದನ್ನು ಅಧಿಕಾರಿಗಳು ಅಪರಾಧದ ಒಪ್ಪಿಗೆ ಎಂದು ದಾಖಲಿಸಿಕೊಂಡರು.

ಪಟ್ಟಣಕ್ಕೆ ಹತ್ತರಲ್ಲೊಂದು ಪಾಲು ಶಾಖ ಮಾತ್ರ ತಲುಪುತ್ತಿದೆ ಎಂಬ ಪ್ರಕಟಣೆ ಹೊರಟಿತು. ಮನೆಗಳು ಎಂದಿನಂತೆ ಬೆಚ್ಚಗಿದ್ದವು. ಆದರೂ ಜನ ಪ್ರಕಟಣೆಗೆ ಗೌರವ ಕೊಟ್ಟು ಕೋಟು ತೊಟ್ಟು ಕುಳಿತರು, ಬೆವರಿದರು, ಚಳಿಯ ಬಗ್ಗೆ ದೂರು ಬರೆದರು.

ಸಮಿತಿ ನೇಮಕವಾಯಿತು. ಬಾಯ್ಲರ್ ಕೋಣೆಯಲ್ಲೇ ವಿಚಾರಣೆ. ತಜ್ಞರಾಗಿ ಶಾಲೆಯ ಭೌತಶಾಸ್ತ್ರದ ಮೇಷ್ಟ್ರು ಜಪಾರ್ ಬಂದರು.

“ಏಕಮಾನ ಇಲ್ಲದ ಸಂಖ್ಯೆ ತಲೆ ಇಲ್ಲದ ಕುರಿ ಇದ್ದ ಹಾಗೆ. ಯಾರ ಕುರಿ ಅಂತ ಯಾರಿಗೂ ಗೊತ್ತಾಗಲ್ಲ,” ಎಂದರು ಜಪಾರ್.

“ಕುರಿ ವಿಷಯ ಪಶುಸಂಗೋಪನೆಗೆ ಬರುತ್ತೆ, ಮೇಷ್ಟ್ರೇ. ಸೊನ್ನೆ ಮುಂದೆ ಬಂದ್ರೆ ಅದಕ್ಕೆ ಬೆಲೆ ಇದ್ಯಾ? ಅಷ್ಟು ಹೇಳಿ,” ಎಂದರು ಎಸೆಂಗುಲ್.

“ಪೂರ್ಣಸಂಖ್ಯೆಗೆ ಇಲ್ಲ. ಆದ್ರೆ ಇಲ್ಲಿ ಮಧ್ಯೆ ಚುಕ್ಕೆ…”

“ಇಲ್ಲ ಅಂದ್ರಲ್ಲ, ಸಾಕು.”

ಎಸೆಂಗುಲ್ ಕನ್ನಡಕ ಹಾಕಿಕೊಂಡು ಮಾಪಕವನ್ನು ಪರಿಶೀಲಿಸಿದರು. ಸೊನ್ನೆಗೂ ಆರಕ್ಕೂ ನಡುವೆ ಇರುವುದು ನೊಣದ ಹಿಕ್ಕೆ ಎಂದು ತೀರ್ಮಾನಿಸಿದರು. ಸಮಿತಿ ಸರ್ವಾನುಮತದಿಂದ ಅನುಮೋದಿಸಿತು. ಗಾಜು ಬಿಚ್ಚಿಸಿ, ಬ್ಲೇಡಿನಿಂದ ಕೆರೆಸಿದರು. ಮುಳ್ಳು 06ರ ಮೇಲೆ ಅಲ್ಲಾಡದೆ ನಿಂತಿತು. ಬುರುಲ್ಚಾಗೆ ಕೆಲಸ ಉಳಿಯಿತು. “ಮಕ್ಕಳಿಗೇನೂ ಆಗಲಿಲ್ಲ, ಅಷ್ಟು ಸಾಕು,” ಎಂದು ವರದಿಗೆ ಸಹಿ ಹಾಕಿದರು. ಜಪಾರ್ ಕೂಡ ಹಾಕಿದರು. ಅವರ ಮನೆಯ ಕೊಳವೆಯೂ ಅದೇ ಬಾಯ್ಲರಿನದು.

ವರದಿ ರಾಜಧಾನಿಗೆ ಹೋಯಿತು. ಒಂದು ಚಮಚ ಕಲ್ಲಿದ್ದಲನ್ನೂ ಹೆಚ್ಚಿಗೆ ಉರಿಸದೆ ಅಕ್‌ಜಾರ್ ತನ್ನ ಶಾಖವನ್ನು ಹತ್ತು ಪಟ್ಟು ಮಾಡಿಕೊಂಡಿದೆ ಎಂದು ಅಲ್ಲಿ ಸಂತೋಷಪಟ್ಟರು. ಇಷ್ಟು ದಕ್ಷ ಬಾಯ್ಲರಿಗೆ ಹತ್ತರಲ್ಲೊಂದು ಪಾಲು ಕಲ್ಲಿದ್ದಲು ಸಾಕೆಂದು ಆಜ್ಞೆ ಬಂತು. ಹತ್ತು ಲಾರಿ ಬರುತ್ತಿದ್ದ ಕಡೆ ಒಂದು ಲಾರಿ ಬಂತು.

ಜನವರಿಯಲ್ಲಿ ಪ್ರಶಸ್ತಿ ಸಮಾರಂಭ. ಸಭಾಂಗಣದಲ್ಲಿ ಮಾತಾಡಿದವರ ಬಾಯಿಂದ ಹಬೆ ಬರುತ್ತಿತ್ತು. ಬುರುಲ್ಚಾ ಎರಡು ಶಾಲು ಹೊದ್ದು ವೇದಿಕೆ ಹತ್ತಿ, ಶಾಖ ವೃದ್ಧಿಗಾಗಿ ಕೊಟ್ಟ ಪ್ರಮಾಣಪತ್ರ ಪಡೆದರು. ದಪ್ಪ ಕೈಗವಸು ತೊಟ್ಟ ಸಭಿಕರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಸದ್ದು ಬರಲಿಲ್ಲ. ನಡಾವಳಿ ಬರೆಯುತ್ತಿದ್ದ ಗುಮಾಸ್ತ ನಾನೇ. ‘ಚಪ್ಪಾಳೆ: ನಲವತ್ತು’ ಎಂದು ಬರೆದೆ. ನಿರ್ದೇಶಕರು ಓದಿ, ತೃಪ್ತರಾಗಿ, ಎರಡೂ ಅಂಕಣಗಳಲ್ಲಿ ಸಹಿ ಹಾಕಿದರು.