ಪ್ರಪಾತದ ದಾರಿಯ ಅಳಿಯ

ಇಷ್ಟಕ್ಕೆಲ್ಲ ಕಾರಣ ಒಂದು ಹಾಳು ಏಣಿ. ಮಾಳಿಗೆಯ ನೀರಿನ ತೊಟ್ಟಿ ನೋಡಲು ಹತ್ತಿದ ಖಲ್ಫಾನ್, ನಾಲ್ಕನೇ ಮೆಟ್ಟಿಲಲ್ಲೇ ತಲೆ ಸುತ್ತಿ ಇಳಿದುಬಿಟ್ಟ. "ನಮ್ಮಪ್ಪ ಎಪ್ಪತ್ತರಲ್ಲೂ ಪ್ರಪಾತದ ದಾರೀಲಿ ಓಡಾಡ್ತಾರೆ!" ಎಂದು ಹೆಂಡತಿ ಶಮ್ಸಾ ಚುಚ್ಚಿದಳು. ಮಾತಿಗೆ ಮಾತು ಬೆಳೆಯಿತು. "ಆ ದಾರೀಲಿ ನಮ್ಮೂರಿಗೆ ನಡ್ಕೊಂಡು ಬನ್ನಿ, ಆಗ ವಾಪಸ್ ಬರ್ತೀನಿ" ಎಂದವಳೇ ಬೆಟ್ಟ ಸುತ್ತುವ ಜೀಪು ಹತ್ತಿ ತವರು ಸೇರಿದಳು. ಅಂದಿನಿಂದ ಅವನಿಗೆ ಸೀದ ಅನ್ನವೇ ಗತಿ.

ಶುಕ್ರವಾರ ಬೆಳಿಗ್ಗೆ ಬೀಗ ಜಡಿದು ಹೊರಟರೆ, ಪಕ್ಕದ ಮನೆಯ ಸುರಯ್ಯಾ ಒಂದು ಹೋತ ಹಿಡಿದು ನಿಂತಿದ್ದಾಳೆ!

"ಹೇಗೂ ಹೋಗ್ತಿದೀಯಲ್ಲ, ಇದನ್ನ ನಿಮ್ಮತ್ತೆಗೆ ಕೊಟ್ಬಿಡಪ್ಪ."

"ಅಕ್ಕಾ, ನಾನೇ ತಲುಪ್ತೀನೋ ಇಲ್ವೋ!"

"ಅದಕ್ಕೆ ದಾರಿ ಗೊತ್ತು. ನೀನು ಹಗ್ಗ ಹಿಡ್ಕೊ ಸಾಕು."

ದಾರಿಯ ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಏನೂ ಇಲ್ಲ. ಕೆಳಗೆ ಖರ್ಜೂರದ ತೋಟ ಕೊತ್ತಂಬರಿ ಕಟ್ಟಿನಷ್ಟು ಕಾಣುತ್ತಿತ್ತು. ಮೊದಲರ್ಧ ಖಲ್ಫಾನ್ ಕಣ್ಣು ಮುಚ್ಚಿಯೇ ನಡೆದ. ಆಮೇಲೆ ಗಾಳಿ ಬೀಸಿ, ಎದೆ ಡವಡವ ಎಂದು, ಎಲ್ಲಿಂದಲೋ ನಗು ಬಂತು. ಅಬ್ಬಾ, ಏನು ಮಜಾ! ಇಷ್ಟು ದಿನ ಸುಮ್ಮನೆ ಹೆದರಿದೆನಲ್ಲ!

ಅಷ್ಟರಲ್ಲಿ, ದಾರಿ ತೀರಾ ಕಿರಿದಾದ ಜಾಗದಲ್ಲೇ, ಕಾಫಿ ಫ್ಲಾಸ್ಕು ಹಿಡಿದ ಮಾವನೂರಿನ ಸೈಫಜ್ಜ ಎದುರಾದ.

"ಏನಪ್ಪಾ ಸುದ್ದಿ?"

"ಒಳ್ಳೇದೇ ಅಜ್ಜ."

"ಊರಲ್ಲಿ?"

"ಒಳ್ಳೇದೇ."

"ನಿಮ್ಮಣ್ಣ? ಚಿಕ್ಕಪ್ಪ?"

"ಅಜ್ಜಾ, ಕಾಲು ಜಾರ್ತಿದೆ!"

"ಹಾಗಾದ್ರೆ ಕಾಫಿ ಕುಡಿ."

ಅಲ್ಲಿಯ ರೂಢಿಯಲ್ಲಿ, ಕಾಫಿ ಕಪ್ಪು ಅಲ್ಲಾಡಿಸಿದರೆ 'ಇನ್ನು ಸಾಕು' ಎಂದರ್ಥ. ಖಲ್ಫಾನನ ಕೈಯೋ, ಕಪ್ಪು ಹಿಡಿದಾಗಿನಿಂದಲೇ ಗಡಗಡ ನಡುಗುತ್ತಿತ್ತು. ಸೈಫಜ್ಜ ಕೆಂಡವಾದ. "ಒಂದು ಗುಟುಕೂ ಕುಡೀದೆ ಸಾಕಂತೀಯಾ? ನನ್ನ ಕಾಫಿ ಅಷ್ಟು ಕೆಟ್ಟದಾ?" ಅವನನ್ನು ಸಮಾಧಾನ ಮಾಡಲು ಖಲ್ಫಾನ್ ಬಂಡೆ ತಬ್ಬಿಕೊಂಡೇ ಐದು ಕಪ್ಪು ಕುಡಿಯಬೇಕಾಯಿತು. ಹೋತ ಅವನ ಅಂಗಿಯ ಅಂಚು ಮೇಯುತ್ತಿತ್ತು.

ಅಂತೂ ತಲುಪಿದಾಗ ಮಾವ ಮುಹನ್ನಾ ಅಪ್ಪಿಕೊಂಡ. "ಭೇಷ್ ಅಳಿಯಂದಿರೇ! ಶಮ್ಸಾ ಮಾಳಿಗೆಯಿಂದ ನೋಡ್ತಾನೇ ಇದ್ಲು. ನೀವು ಬಂಡೆ ತಬ್ಕೊಂಡಿದ್ದು ಕಂಡು ಕಣ್ಣೀರೇ ಹಾಕಿದ್ಲು."

"ಎಲ್ಲಿ ಅವಳು?"

"ನೀವು ವಾಪಸ್ ಹೋಗೋ ಹೊತ್ತಿಗೆ ಬಿಸಿ ಊಟ ಸಿದ್ಧ ಇರ್ಬೇಕು ಅಂತ ಅಣ್ಣನ ಜೀಪಲ್ಲಿ ಆಗ್ಲೇ ಹೊರಟು ನಿಮ್ಮನೆಗೆ ಹೋದ್ಲು. ಜೀಪು ವಾಪಸ್ ಬರೋದು ಇನ್ನು ನಾಳೇನೇ."

ಅಷ್ಟರಲ್ಲಿ ಫೋನು. "ಏನ್ರೀ, ಬೀಗ ಹಾಕಿದೆ! ಬಿಸಿಲಲ್ಲಿ ಸುರಯ್ಯಾಕ್ಕನ ಬಾಯಿಗೆ ಸಿಕ್ಕಿ ನಿಂತಿದೀನಿ. ಬೇಗ ಬರ್ಲಿಲ್ಲ ಅಂದ್ರೆ ನಾನು ಮತ್ತೆ ತವರಿಗೇ!"

ಖಲ್ಫಾನ್ ಜೇಬು ಮುಟ್ಟಿ ನೋಡಿಕೊಂಡ. ಬೀಗದಕೈ ಅಲ್ಲೇ ಇತ್ತು. ಬಂದ ದಾರಿಗೇ ತಿರುಗಿದ.

"ನಿಲ್ಲಿ ಅಳಿಯಂದಿರೇ," ಅತ್ತೆ ಹೋತದ ಹಗ್ಗ ಹಿಡಿದು ಓಡಿ ಬಂದರು. "ಹಾಲು ಕೊಡೋ ಮೇಕೆ ಕೇಳಿದ್ರೆ ಹೋತ ಕಳ್ಸಿದಾಳೆ ಸುರಯ್ಯಾ. ಹೇಗೂ ಹೋಗ್ತಿದೀರಲ್ಲ..."