ತಿರುಪು ಬಿಗಿ ಮಾಡಿದವರು ಯಾರು?

ಅಂಗೈಯುದ್ದದ ಪ್ಲಾಸ್ಟಿಕ್ ಕೊಳವೆ, ಒಳಗೊಂದು ಸ್ಪ್ರಿಂಗು, ತುದಿಗೊಂದು ತಿರುಪು. ಅಷ್ಟಕ್ಕೇ ಇಷ್ಟೆಲ್ಲ ಆಯಿತು.

ಐಸಿಯುವಿನ ನಾಲ್ಕನೇ ಹಾಸಿಗೆಯಲ್ಲಿ ನಿವೃತ್ತ ಹೆಡ್‌ಮಿಸ್ ಮಲಗಿದ್ದರು. ನ್ಯುಮೋನಿಯಾ ಇಳಿದಿತ್ತು. ಆದರೆ ಇಪ್ಪತ್ತೆರಡು ದಿನ ಗಂಟಲಿಗೆ ತೂತು ಮಾಡಿ ಹಾಕಿದ ನಳಿಕೆಯಿಂದ ವೆಂಟಿಲೇಟರೇ ಉಸಿರು ತುಂಬಿ, ಅವರ ಉಸಿರಿನ ಸ್ನಾಯುಗಳು ದೊಡ್ಡ ರಜೆ ಕಳೆದ ಮಕ್ಕಳಂತೆ ಮೈಗಳ್ಳತನ ಕಲಿತಿದ್ದವು. ಅವನ್ನು ಎಬ್ಬಿಸುವುದು ಫಿಸಿಯೋಥೆರಪಿಸ್ಟನ ಕೆಲಸ. ಕೊಳವೆಯನ್ನು ನಳಿಕೆಗೆ ಸಿಕ್ಕಿಸಿದರೆ ಸ್ಪ್ರಿಂಗಿನ ವಿರುದ್ಧ ಉಸಿರು ಎಳೆಯಬೇಕು; ತಿರುಪು ಬಿಗಿಯಾದಷ್ಟೂ ಎಳೆಯುವುದು ಕಷ್ಟ. ಒಂದು ಸುತ್ತಿಗೆ ಆರು ಉಸಿರು, ದಿನಕ್ಕೆ ಐದು ಸುತ್ತು.

"ಇವತ್ತು ಎರಡು ಗಂಟೆ ಮೆಷಿನ್ ಇಲ್ಲದೆ ಇರಬೇಕು," ಎಂದರು ದೊಡ್ಡ ಡಾಕ್ಟರು ಫಿಸಿಯೋಗೆ. "ಆಗಲಿಲ್ವಾ, ನಿನ್ನ ಪೀಪಿ ಕಸದ ಬುಟ್ಟಿಗೆ. ಬೇರೆ ಯಾರಿಗೂ ಬೇಡ."

ಇನ್ನೂ ಮೂವರಿಗೆ ಅದು ಬೇಕಿತ್ತು. ಹೋದ ವಾರ ಐದನೇ ಹಾಸಿಗೆಯವರಿಗೂ ಬೇಕಿತ್ತು. ಅನುಮತಿ ಬರುವ ಮೊದಲೇ ಹಾಸಿಗೆ ಖಾಲಿಯಾಯಿತು.

ಮೊದಲ ಸುತ್ತಿಗೇ ಹೆಡ್‌ಮಿಸ್ ಸ್ಲೇಟಿನಲ್ಲಿ ಬರೆದರು: "ಇವನನ್ನು ಹೊರಗೆ ಕಳಿಸಿ."

"ಪಾಪ, ಈ ವಯಸ್ಸಲ್ಲಿ ಬಸ್ಕಿ ಹೊಡೆಸ್ತೀರಲ್ಲ!" ಎಂದಳು ನರ್ಸ್.

"ಸಿಸ್ಟರ್, ಉಸಿರಾಡೋಕೆ ಹೇಳ್ತಿದೀನಿ. ಬೆಟ್ಟ ಹತ್ತೋಕಲ್ಲ!"

ಮಧ್ಯಾಹ್ನ ಹೆಡ್‌ಮಿಸ್‌ರ ತಂಗಿ ನೋಡಲು ಬಂದರು. ನಾಲ್ಕನೇ ಸುತ್ತಿನಲ್ಲಿ ಅಕ್ಕನ ಮುಖ ಟೊಮೆಟೊ ಆಯಿತು. ಆರನೇ ಉಸಿರನ್ನೂ ಹಟಕ್ಕೆ ಬಿದ್ದು ಎಳೆದು, ಫಿಸಿಯೋನನ್ನು ಸುಟ್ಟುಬಿಡುವಂತೆ ನೋಡಿದರು. ಅವನು ಕೊಳವೆ ತೆಗೆದು ನೋಡಿದ. ಒಂಬತ್ತಕ್ಕೆ ಇಟ್ಟಿದ್ದ ಮುಳ್ಳು ಹದಿನೈದರಲ್ಲಿತ್ತು.

"ಯಾರ್ರೀ ಇದನ್ನ ತಿರುಗಿಸಿದ್ದು?" ತಂಗಿಯನ್ನು ಬಾಗಿಲ ಬಳಿ ಕರೆದು ಕೇಳಿದ.

"ನಾನೇ," ತಂಗಿ ಪಿಸುಗುಟ್ಟಿದರು. "ಅಕ್ಕನ ಕಷ್ಟ ನೋಡೋಕಾಗ್ಲಿಲ್ಲ. ಸ್ವಲ್ಪ ಸಡಿಲ ಮಾಡಿದೆ."

"ಅಮ್ಮಾ, ಅದು ಬಿಗಿ ಆಗೋ ಕಡೆ!"

"ಅಯ್ಯಯ್ಯೋ! ಅಕ್ಕಂಗೆ ಹೇಳ್ಬೇಡಪ್ಪಾ, ಜನ್ಮದಲ್ಲಿ ಮಾತಾಡ್ಸಲ್ಲ!"

ಅವನು ಒಪ್ಪಿಕೊಂಡು ಮುಳ್ಳನ್ನು ಮತ್ತೆ ಒಂಬತ್ತಕ್ಕೆ ತಂದ. ಐದನೇ ಸುತ್ತು ಬಿಟ್ಟು ಅವರಿಗೆ ವಿಶ್ರಾಂತಿ ಕೊಟ್ಟ.

ನಾಲ್ಕು ಗಂಟೆಗೆ ಮೆಷಿನ್ ಕಳಚಿದರು. ಫಿಸಿಯೋ ಪಕ್ಕದಲ್ಲೇ ನಿಂತು ಉಸಿರು ಎಣಿಸಿದ. ಅರ್ಧ ಗಂಟೆ. ಒಂದು ಗಂಟೆ. ಎರಡು. ಹೆಡ್‌ಮಿಸ್ ಬೆಳಗಿನ ಪ್ರಾರ್ಥನೆಗೆ ನಿಂತವರಂತೆ ನೆಟ್ಟಗೆ ಕೂತು ಉಸಿರಾಡುತ್ತಿದ್ದರು. ಅವನ ಕಣ್ಣು ಒದ್ದೆಯಾಯಿತು.

ದೊಡ್ಡ ಡಾಕ್ಟರು ಬಂದು, ನಳಿಕೆಗೆ ಮಾತು ಹೊರಡಿಸುವ ಪುಟ್ಟ ಮುಚ್ಚಳ ಹಾಕಿಸಿದರು. "ಹೇಗಿದೀರಿ ಮೇಡಂ?"

"ದೂರು ಇದೆ," ಎಂದರು ಹೆಡ್‌ಮಿಸ್. ಇಪ್ಪತ್ತೆರಡು ದಿನಗಳಲ್ಲಿ ಮೊದಲ ಮಾತು. "ಈ ಮನುಷ್ಯನ ಮೇಲೆ. ಒಂದನೆಯದಾಗಿ..."

ಎಲ್ಲೂ ಏದುಸಿರಿಲ್ಲ, ತಡವರಿಕೆಯಿಲ್ಲ. ಎಂಟನೆಯದಾಗಿ, ಮಧ್ಯಾಹ್ನ ಬೇಕೆಂದೇ ತಿರುಪು ಬಿಗಿ ಮಾಡಿದ್ದು. ಫಿಸಿಯೋ ತಂಗಿಯ ಕಡೆ ನೋಡಿದ. ತಂಗಿ ಕಿಟಕಿಯ ಕಡೆ ನೋಡಿದರು.

ಹನ್ನೊಂದನೆಯದು ಮುಗಿದಾಗ ದೊಡ್ಡ ಡಾಕ್ಟರು ಚಪ್ಪಾಳೆ ತಟ್ಟಿದರು. "ಭೇಷ್! ಎಂಥ ಉಸಿರು! ನೋಡಿದ್ರಾ ನನ್ನ ಔಷಧಿ?" ಆಮೇಲೆ ಫಿಸಿಯೋ ಕಡೆ ತಿರುಗಿ ದನಿ ತಗ್ಗಿಸಿದರು. "ನೀನು ನಾಳೆಯಿಂದ ಮಂಡಿನೋವಿನ ವಿಭಾಗಕ್ಕೆ ಹೋಗು. ಇಂಥ ದೂರು ಬಂದ ಮೇಲೆ ಆ ಪೀಪಿ ಇಲ್ಲಿ ಇರಬಾರದು."

"ಸಾರ್, ಅವರು ಇಷ್ಟೊತ್ತು ಮಾತಾಡಿದ್ದೇ ಆ ಕೊಳವೆಯಿಂದ! ಇನ್ನೂ ಮೂರು ಜನ..."

"ದೊಡ್ಡವರು ಮಾತಾಡುವಾಗ ಮಧ್ಯೆ ಬಾಯಿ ಹಾಕಬಾರದು," ಎಂದರು ಹೆಡ್‌ಮಿಸ್. ಎದೆ ತುಂಬ ಉಸಿರು ಎಳೆದುಕೊಂಡರು. "ಹನ್ನೆರಡನೆಯದಾಗಿ..."