ಮ್ಯಾಗಜೀನ್ ಆರಿಸಿದ ದೇವರು

ನಮ್ಮ ಮನೇಲಿ ಯಾರಾದರೂ ಹೊಸದೇನಾದರೂ ಕಲಿಯೋಕೆ ಹೊರಟರೆ ಅವರು ಕಲಿಯೋದು ಸ್ವಲ್ಪ, ಮಿಕ್ಕವರು ನಗೋದು ಜಾಸ್ತಿ. ಈ ಸಲ ಹೊರಟವಳು ಮೊಮ್ಮಗಳು. ಕಾಲೇಜು ಹುಡುಗಿ, ನೋಯ್ಡಾದಲ್ಲೇ ಹುಟ್ಟಿ ಬೆಳೆದವಳು. ಅಪ್ಪನ ಬೆನ್ನುಬಿದ್ದು ಕ್ಯಾಮೆರಾ ಕೊಡಿಸಿಕೊಂಡಳು. ನನ್ನ ಮಗ ಸರ್ಕಾರಿ ಕಚೇರಿಯವನು, ಷರತ್ತಿಲ್ಲದೆ ಏನೂ ಕೊಡೋನಲ್ಲ.

"ಗಿಟಾರ್ ಅಟ್ಟದ ಮೇಲಿದೆ, ಸ್ಕೇಟಿಂಗ್ ಶೂ ಬಾಲ್ಕನಿಯಲ್ಲಿದೆ. ಯುಗಾದಿಯೊಳಗೆ ಹಾಲಿನ ಗೋಡೆಗೆ ಹಾಕೋವಂಥ ಒಂದೇ ಒಂದು ಫೋಟೋ ತೋರಿಸು. ಇಲ್ಲದಿದ್ದರೆ ಕ್ಯಾಮೆರಾ ಮಾರಿಬಿಡ್ತೀನಿ," ಅಂದ. ಕಲಿಯೋಕೆ ಅಂತ ಒಂದು ಫೋಟೋಗ್ರಫಿ ಮ್ಯಾಗಜೀನಿಗೆ ವರ್ಷದ ಚಂದಾ ಕಟ್ಟೋಕೂ ಒಪ್ಪಿದ. ಒಂದಕ್ಕೆ ಮಾತ್ರ.

ಬದನೆಕಾಯಿ ಪರೀಕ್ಷೆ

ಯಾವುದಕ್ಕೆ ಕಟ್ಟೋದು ಅಂತ ನೋಡೋಕೆ ದಿಲ್ಲಿಯ ಲಕ್ಷ್ಮೀ ನಗರದ ಫುಟ್‌ಪಾತಿನಲ್ಲಿ ಹಳೇ ಪುಸ್ತಕ ಮಾರೋನ ಹತ್ತಿರ ಹೋದೆವು. ನಾನು ಶಾಲೆ ಮೆಟ್ಟಿಲು ಹತ್ತಿದವಳಲ್ಲ. ಕನ್ನಡ ಅಕ್ಷರ ಕೂಡಿಸಿಕೊಂಡು ಓದ್ತೀನಿ, ಇಂಗ್ಲಿಷು ಸುತರಾಂ ಬಾರದು. ಹಾಗಾಗಿ ಬದನೆಕಾಯಿ ಆರಿಸೋ ಹಾಗೆ ಒಂದೊಂದನ್ನೂ ಎತ್ತಿ, ತಿರುವಿ, ನಡುವೆ ಬಿಡಿಸಿ ನೋಡಿದೆ.

ಮೊಮ್ಮಗಳು ಒಂದು ದಪ್ಪನೇದು ಹಿಡಿದಿದ್ದಳು. "ಅಜ್ಜಿ, ನನ್ನ ಫ್ರೆಂಡ್ಸೆಲ್ಲಾ ಇದೇ ಓದೋದು."

ಬಿಡಿಸಿದರೆ ಪುಟಪುಟಕ್ಕೂ ಕ್ಯಾಮೆರಾ, ಪಕ್ಕದಲ್ಲಿ ಬರೀ ಅಂಕಿ. "ಇದರಲ್ಲಿ ಕ್ಯಾಮೆರಾದ್ದೇ ಫೋಟೋ ಇದೆಯಲ್ಲೇ. ಅಡುಗೆ ಪುಸ್ತಕದ ತುಂಬ ಪಾತ್ರೆ ಚಿತ್ರ ಹಾಕಿದ್ರೆ ಸಾರು ಮಾಡೋದು ಹೇಗೆ?"

ಇನ್ನೊಂದು ತೆಳ್ಳನೇದು. ಅದರಲ್ಲಿ ಟೀ ಊದಿಕೊಂಡು ಕುಡಿಯೋ ಮುದುಕ, ಹಗ್ಗದ ಮೇಲೆ ಒಣಗೋ ಬಟ್ಟೆ. ಪ್ರತಿ ಫೋಟೋ ಕೆಳಗೂ ಅದನ್ನ ತೆಗೆದ ಬಗೆ ನಾಲ್ಕು ಸಾಲು ಬರೆದಿದ್ದಾರಂತೆ. ನನಗೆ ಅದು ಹಿಡಿಸಿತು.

"ಭಯ್ಯಾ, ಎರಡರಲ್ಲಿ ಯಾವುದು ಒಳ್ಳೇದು?" ಅಂತ ಅಂಗಡಿಯವನನ್ನೇ ಕೇಳಿದೆ.

ಅವನು ಎರಡರ ಹಾಳೆಯನ್ನೂ ಬೆರಳಲ್ಲಿ ಉಜ್ಜಿ ನೋಡಿ ದಪ್ಪನೇದನ್ನ ತೋರಿಸಿದ. "ಇದು, ಮಾತಾಜಿ. ಇದರಲ್ಲಿ ಸಮೋಸಾ ಕಟ್ಟಿದರೆ ಎಣ್ಣೆ ಹೊರಗೆ ಬರಲ್ಲ."

ಹೂವಿನ ಪ್ರಸಾದ

ಎರಡನ್ನೂ ತಂದು ವಾರವಾದರೂ ತೀರ್ಮಾನ ಆಗಲಿಲ್ಲ. "ಅಚ್ಛಾ, ನೀನೇ ಹೇಳು ಅಜ್ಜಿ," ಅಂದಳು.

"ನಾನ್ಯಾರೇ ಹೇಳೋಕೆ? ದೇವರನ್ನ ಕೇಳೋಣ."

ನಮ್ಮೂರಲ್ಲಿ ಹೆಣ್ಣು ಕೊಡೋದಿರಲಿ, ಬಾವಿ ತೋಡೋದಿರಲಿ, ಹೂವಿನ ಪ್ರಸಾದ ಕೇಳದೆ ಯಾರೂ ಮುಂದುವರಿಯೋರಲ್ಲ. ದೇವರ ಪಟದ ಎಡಕ್ಕೆ ದಪ್ಪನೇದು, ಬಲಕ್ಕೆ ತೆಳ್ಳನೇದು ಇಟ್ಟೆ. ಚೌಕಟ್ಟಿನ ಮೇಲೆ ಒಂದು ಸೇವಂತಿಗೆ ಕೂರಿಸಿದೆ. ಹೂವು ಯಾವ ಕಡೆ ಬೀಳುತ್ತೋ ಅದಕ್ಕೆ ಚಂದಾ. ಮೊಮ್ಮಗಳು ಕೈಲಿದ್ದ ಕ್ಯಾಮೆರಾನ ಪಟದ ಪಕ್ಕದ ಕಪಾಟಿನ ಮೇಲಿಟ್ಟು ಬಂದು ಕೂತಳು.

"ಕಣ್ಣು ಮುಚ್ಚಿ ಬೇಡಿಕೋ," ಅಂದೆ.

ಟಿಕ್ ಅಂತ ಹಲ್ಲಿ ನುಡಿಯಿತು. ಕಣ್ಣು ಬಿಟ್ಟರೆ ಹೂವು ತೆಳ್ಳನೇದರ ಮೇಲೆ.

ಸಂಜೆ ವಿಷಯ ಕೇಳಿದ ಮಗ, "ಪರವಾಗಿಲ್ಲ ಅಮ್ಮ, ದೇವರದ್ದೂ ನಿನ್ನದ್ದೂ ಒಂದೇ ರುಚಿ," ಅಂದ.

ಬಂಗಾರದ ಬೆಳಕು

ಮೊದಲ ಸಂಚಿಕೆಯಲ್ಲೇ ಬರೆದಿತ್ತಂತೆ, ಸೂರ್ಯ ಹುಟ್ಟೋ ಹೊತ್ತಿನ ಬೆಳಕು ಬಂಗಾರ ಅಂತ. ಬರೆದವರು ಜನವರಿಯಲ್ಲಿ ನೋಯ್ಡಾಗೆ ಬಂದಿರಲಿಲ್ಲ ಅಂತ ಕಾಣುತ್ತೆ. ಎರಡು ಸ್ವೆಟರು, ಮೇಲೊಂದು ಶಾಲು ಹೊದ್ದು ಸೊಸೈಟಿ ಪಾರ್ಕಿನ ಬೆಂಚಿನ ಮೇಲೆ ಕೂತೆ. ಮಂಜಿನಲ್ಲಿ ಮೊಮ್ಮಗಳ ದನಿ ಬರ್ತಿತ್ತು, ಮೊಮ್ಮಗಳು ಕಾಣ್ತಿರಲಿಲ್ಲ.

"ಅಜ್ಜಿ, ಥೋಡಾ ನಗು."

"ಯಾವ ಕಡೆ ನೋಡಿ ನಗಲೇ?"

ಮನೇಲಿ ಮಗ ಒಂದೊಂದೇ ಫೋಟೋ ನೋಡಿದ. ಎಲ್ಲಾ ಒಗೆದ ಪಂಚೆ ಥರ ಬಿಳಿ. "ಇದರಲ್ಲಿ ಅಮ್ಮ ಎಲ್ಲಿ?"

"ಒಳಗೇ ಇದಾರೆ ಅಪ್ಪಾ. ಬಿಸಿಲು ಬಂದರೆ ಕಾಣ್ತಾರೆ."

ಸುಕ್ಕಿಗೆ ಬಂದ ಬೆಲೆ

ಮುಂದಿನ ಸಂಚಿಕೆಯಲ್ಲಿ ವಯಸ್ಸಾದವರ ಮುಖ. ನಾನು ರೇಷ್ಮೆ ಸೀರೆ ಉಟ್ಟು, ಚೆನ್ನಾಗಿ ಪೌಡರ್ ಬಳಿದುಕೊಂಡು ಕಿಟಕಿ ಪಕ್ಕ ಕೂತೆ. ಅವಳು ಹತ್ತಿರ ಬಂದು ನೋಡಿ ತಲೆ ಮೇಲೆ ಕೈ ಹೊತ್ತಳು. "ಅಜ್ಜಿ, ಸುಕ್ಕೆಲ್ಲಾ ಎಲ್ಲಿ ಹೋಯ್ತು? ಅದೇ ಬೇಕಾಗಿತ್ತು."

ಇಷ್ಟು ವರ್ಷದ ಮೇಲೆ ಒಬ್ಬರು ನನ್ನ ಸುಕ್ಕು ಕೇಳಿಕೊಂಡು ಬಂದರೆ, ಅವತ್ತೇ ನಾನು ಮೆತ್ತಿ ಮುಚ್ಚಿಬಿಟ್ಟಿದ್ದೆ.

ತೀರ್ಪಿನ ದಿನ

ಯುಗಾದಿ ಬಂತು. ಬೇವುಬೆಲ್ಲ ತಿಂದು ಮಗ ಟೀವಿಯಲ್ಲಿ ಫೋಟೋ ನೋಡೋಕೆ ಕೂತ. ಮೊಮ್ಮಗಳ ಪಾಲಿಗೆ ಬರೀ ಬೇವೇ ಬಂದ ಹಾಗಿತ್ತು ಮುಖ. ಎಲೆ ಮೇಲಿನ ನೀರ ಹನಿ, "ಹ್ಞೂಂ, ಮುಂದೆ." ಮೆಟ್ರೋ ಸೇತುವೆ, "ಮುಂದೆ." ಮಂಜು, ಮಂಜು, ಮಂಜು. "ಮುಗೀತಾ?" ಅಂದ. ಅವಳು ತಲೆ ಬಗ್ಗಿಸಿಕೊಂಡೇ ಇನ್ನೊಂದು ಸಲ ಒತ್ತಿದಳು.

ಟೀವಿ ತುಂಬ ನಮ್ಮ ದೇವರ ಮನೆ. ಮೊಮ್ಮಗಳು ಕಣ್ಣು ಮುಚ್ಚಿ ಭಕ್ತಿಯಿಂದ ಕೂತಿದಾಳೆ. ಪಕ್ಕದಲ್ಲಿ ನಾನು. ನನ್ನದು ಒಂದು ಕಣ್ಣು ಮುಚ್ಚಿದೆ, ಇನ್ನೊಂದು ತೆರೆದಿದೆ. ಎಡಗೈ ಎದೆ ಮೇಲೆ. ಬಲಗೈಯ ಕಿರುಬೆರಳು ಸೇವಂತಿಗೆಯನ್ನ ಬಲಕ್ಕೆ ತಳ್ತಾ ಇದೆ.

"ಟೈಮರ್ ಟೆಸ್ಟ್ ಮಾಡೋಕೆ ಇಟ್ಟಿದ್ದೆ, ಮರೆತೇಹೋಗಿತ್ತು," ಅಂದಳು ಮೊಮ್ಮಗಳು, ನನ್ನನ್ನೇ ನೋಡ್ತಾ.

ಅವತ್ತು ನುಡಿದ ಹಲ್ಲಿ ಯಾವುದು ಅಂತ ಆಗ ತಿಳೀತು.

ಮಗ ಸೋಫಾದಿಂದ ಕೆಳಗೆ ಜಾರಿ ನಕ್ಕ. ಕಣ್ಣು ಒರೆಸಿಕೊಂಡು, "ಇದಕ್ಕೆ ಕಟ್ಟು ಹಾಕಿಸ್ತೀನಿ. ಕ್ಯಾಮೆರಾ ನಿನ್ನದೇ ಮಗಳೇ," ಅಂದ.

ಈಗ ಅದು ಹಾಲಿನಲ್ಲಿ, ಬಾಗಿಲು ತೆಗೆದರೆ ಎದುರಿಗೇ ಇದೆ. ಬಂದವರೆಲ್ಲ ಮೊದಲು ಅದನ್ನ ನೋಡ್ತಾರೆ, ಆಮೇಲೆ ನನ್ನ ಕಿರುಬೆರಳನ್ನ. ಮೊನ್ನೆ ಚಂದಾ ಮುಗೀತು.

"ಮುಂದಿನ ವರ್ಷಕ್ಕೆ ಯಾವುದು ಅಂತ ದೇವರನ್ನ ಕೇಳೋಣವಾ ಅಜ್ಜಿ?" ಅಂದಳು.

"ಕೇಳೋಣ," ಅಂದೆ. "ಕ್ಯಾಮೆರಾ ಹೊರಗಿಟ್ಟು ಬಾ."